ಅಮ್ಮನ ಮುಖದ ಮೇಲಿನ ರವೆ

ಅಚ್ಚುಕೂಟದಲ್ಲಿ ಅವರನ್ನು ಎಲ್ಲರೂ ಬಣ್ಣದಪ್ಪ ಎಂದೇ ಕರೆಯುತ್ತಿದ್ದರು. ಕ್ಯಾಲೆಂಡರಾಗಲಿ, ಬಿಸ್ಕತ್ತಿನ ಡಬ್ಬಿಗೆ ಸುತ್ತುವ ಕಾಗದವಾಗಲಿ, ಯಂತ್ರದಿಂದ ಹೊರಬಿದ್ದ ಮೊದಲ ಹಾಳೆಯನ್ನು ಅವರ ಮುಂದೆ ಹಿಡಿಯಬೇಕು. ಭೂತಗನ್ನಡಿ ಹಚ್ಚಿ ನೋಡಿ ಅವರು "ಕೆಂಪು ಒಂದು ಕೂದಲೆಳೆಯಷ್ಟು ಜಾಸ್ತಿ" ಎಂದರೆ ಮುಗಿಯಿತು, ಯಂತ್ರ ನಿಲ್ಲಲೇಬೇಕು. ಹೊತ್ತಾಯಿತು ಎಂದು ಮಾಲೀಕನೇ ಬಂದು ಗೋಗರೆದರೂ, "ಅರ್ಧಂಬರ್ಧ ಕೆಲಸಾನ ಜನರ ಕಣ್ಣಿಗೆ ತೋರಿಸಬಾರದು ಸಾರ್" ಎಂದು ಹೇಳಿ ಶಾಯಿಯ ತಿರುಪು ಸರಿಪಡಿಸಲು ಹೋಗುತ್ತಿದ್ದರು. ಅಂಥ ಮನುಷ್ಯನ ಕಣ್ಣಿಗೇ ಕೇಡು ಬಂತು.

ಮೊದಲು ಕೆಟ್ಟಿದ್ದು ಎಡಗಣ್ಣು. ಒಂದು ದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು, "ಪುಟ್ಟಿ, ಬಾಗಿಲ ಚೌಕಟ್ಟು ಯಾಕೆ ಸೊಟ್ಟಗಾಗಿದೆ? ಬಡಗೀನ ಕರೆಸಬೇಕಲ್ಲಮ್ಮ" ಎಂದರು. ಚೌಕಟ್ಟು ನೆಟ್ಟಗೇ ಇತ್ತು.

ಪುಟ್ಟಿ ಎಂದರೆ ಅವರ ಮಗಳು. ನಲವತ್ತು ದಾಟಿ ಕಿವಿಯ ಹತ್ತಿರ ಬಿಳಿಕೂದಲು ಇಣುಕಿದ್ದರೂ ಅಪ್ಪನ ಬಾಯಲ್ಲಿ ಅವಳು ಪುಟ್ಟಿಯೇ, ನಾವೂ ಹಾಗೇ ಕರೆಯೋಣ. ಮದುವೆ ಮುರಿದ ಮೇಲೆ ಅಪ್ಪನ ಮನೆಗೇ ಬಂದಿದ್ದಳು. ಕಟ್ಟಿಸುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಪಿಂಗಾಣಿಯ ಹಲ್ಲಿಗೆ ಪಕ್ಕದ ನಿಜವಾದ ಹಲ್ಲಿನ ಬಣ್ಣ ಬರಿಸುವುದು, ಉಜ್ಜುವುದು, ಮತ್ತೆ ಉಜ್ಜುವುದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಜೂಕಿನ ಕೈ. ಆ ಹಟವೂ ಆ ಕೈಯೂ ಎಲ್ಲಿಂದ ಬಂದವೆಂದು ಯಾರೂ ಕೇಳಬೇಕಾಗಿರಲಿಲ್ಲ.

ಕಣ್ಣಿನ ಡಾಕ್ಟರು ವಿಷಯವನ್ನು ಸುತ್ತಿಬಳಸದೆ ಹೇಳಿದರು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಹಾಳಾಗುತ್ತಿದೆ. ಸುತ್ತಲಿನ ಅಂಚು ಉಳಿಯುತ್ತದೆ, ನಡುವೆ ಇರುವುದು ಮಾತ್ರ ಅಳಿಸಿಹೋಗುತ್ತದೆ. ಎಡಗಣ್ಣು ಕೈಬಿಟ್ಟಾಯಿತು. ಬಲಗಣ್ಣಿಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಟ್ಟರೆ ಕೇಡು ನಿಧಾನವಾಗಬಹುದು, ನಿಲ್ಲುವುದಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ಎಲ್ಲೋ ನೋಡುತ್ತಾ ಹೇಳಿದರು.

"ನಿಮ್ಮಮ್ಮನ ಮುಖ ನನಗೆ ಮರೆತುಹೋಗ್ತಾ ಇದೆ ಪುಟ್ಟಿ. ಜಡೆ ನೆನಪಿದೆ, ನಡಿಗೆ ನೆನಪಿದೆ. ಮುಖ ನೆನೆಸ್ಕೊಳ್ಳೋಕೆ ಹೋದ್ರೆ ಯಾರ್‍ಯಾರದ್ದೋ ಬರುತ್ತೆ. ಇದು ಪೂರ್ತಿ ಮುಚ್ಚೋ ಮುಂಚೆ ಒಂದ್ಸಲ ಅವಳನ್ನ ಸರಿಯಾಗಿ ನೋಡಬೇಕು."

"ನಾನು ತೋರಿಸ್ತೀನಪ್ಪ" ಎಂದಳು ಪುಟ್ಟಿ.

ಅಮ್ಮ ಹೋದಾಗ ಪುಟ್ಟಿಗೆ ಎಂಟು ವರ್ಷ. ತಮ್ಮನಿಗೆ ಇನ್ನೂ ಹಲ್ಲು ಹುಟ್ಟಿರಲಿಲ್ಲ. ಮನೆಯ ಗೋಡೆಯ ಮೇಲೆ ಅಮ್ಮನದೆಂದು ಇದ್ದದ್ದು ಒಂದೇ ಚಿತ್ರ, ಮದುವೆಯದು. ಅದರಲ್ಲೂ ಅವಳು ತಲೆ ತಗ್ಗಿಸಿ ನಿಂತದ್ದರಿಂದ ಹಣೆ ಮತ್ತು ಮೂಗಿನ ತುದಿಯಷ್ಟೇ ಕಾಣುತ್ತಿತ್ತು. ಉಳಿದದ್ದೆಲ್ಲ ಪ್ರೊಜೆಕ್ಟರಿನಲ್ಲಿ ಹಾಕಿ ನೋಡುವ ಸ್ಲೈಡುಗಳಲ್ಲಿತ್ತು. ಅಚ್ಚುಕೂಟಕ್ಕೆ ಚಿತ್ರ ತೆಗೆಯುವವರು ಸುರುಳಿಯ ಕೊನೆಯಲ್ಲಿ ಉಳಿಸಿಬಿಟ್ಟ ಫಿಲ್ಮನ್ನು ಅಪ್ಪ ಕೇಳಿ ತರುತ್ತಿದ್ದರು. ಎರವಲು ಕ್ಯಾಮೆರಾದಲ್ಲಿ ಮನೆಯೊಳಗೆ, ಸಂಜೆಯ ಮಬ್ಬಿನಲ್ಲಿ, ಸಿಕ್ಕ ಹಾಗೆ ಹೆಂಡತಿಯ ಚಿತ್ರ ತೆಗೆಯುತ್ತಿದ್ದರು, ನಡುನಡುವೆ ಬೀದಿಯದೋ ಉದ್ಯಾನದ್ದೋ ಒಂದೊಂದು. ಮಬ್ಬು ಬೆಳಕಿಗೆಂದು ಮಾಡಿದ ಫಿಲ್ಮು ಅದು, ಒರಟು. ಅವಳು ಹೋದ ಮೇಲೆ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಿರಲಿಲ್ಲ. ಪ್ರೊಜೆಕ್ಟರಿನ ದೀಪ ಸುಟ್ಟುಹೋಗಿತ್ತು, ಅಂಥ ದೀಪ ಈಗ ಎಲ್ಲೂ ಸಿಗುವುದಿಲ್ಲ. ಹೆಬ್ಬೆರಳಿನಷ್ಟು ಅಗಲದ ಸ್ಲೈಡನ್ನು ಕಿಟಕಿಗೆ ಹಿಡಿದು ನೋಡಲು ಅಪ್ಪನ ಕಣ್ಣಿಗೆ ಆಗುತ್ತಿರಲಿಲ್ಲ.

ಪುಟ್ಟಿ ಒಂದು ಸ್ಕ್ಯಾನರ್ ತಂದಳು. ಡಬ್ಬಿಗಳನ್ನು ಇಳಿಸಿ, ಮೆತ್ತಗಿನ ಕುಂಚದಿಂದ ಧೂಳು ಹೊಡೆದು, ಮೊದಲಿಗೆ ಕಿಟಕಿಯ ಚಿತ್ರವನ್ನು ಒಳಗಿಟ್ಟಳು. ಕೆಂಪು ಶಾಲು ಹೊದ್ದ ಅಮ್ಮ ಕಿಟಕಿಗೆ ಒರಗಿ ನಿಂತು ಹೊರಗೆ ಏನನ್ನೋ ನೋಡುತ್ತಿದ್ದಾಳೆ. ಸ್ಕ್ಯಾನರ್ ಗುರುಗುಟ್ಟಿ ಚಿತ್ರವನ್ನು ಪರದೆಯ ಮೇಲೆ ತಂದಿತು. ಮುಖದ ತುಂಬ ಕೆಂಪು, ಹಸಿರು, ನೀಲಿ ಚುಕ್ಕೆಗಳು, ಅಮ್ಮನಿಗೆ ದಡಾರ ಎದ್ದ ಹಾಗೆ. ಕಣ್ಣಿನ ಕೆಳಗಿನ ನೆರಳಿನಲ್ಲಂತೂ ಯಾರೋ ಹಿಡಿ ರವೆ ಎರಚಿದ್ದರು.

"ಬಂತೇನಮ್ಮ?" ಎಂದು ಅಡುಗೆಮನೆಯಿಂದ ಅಪ್ಪ ಕೂಗಿದರು.

"ಬಂತಪ್ಪ. ಆದರೆ ರವೆರವೆಯಾಗಿದೆ. ಸರಿ ಮಾಡಿ ತೋರಿಸ್ತೀನಿ."

"ರವೆ ಇದ್ದೇ ಇರುತ್ತೆ ಕಣೇ. ಚಿತ್ರ ಆಗಿರೋದೇ ರವೆಯಿಂದ."

ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಲ್ಯಾಬಿನಿಂದ ಬಂದವಳೇ ಮುಖ ತೊಳೆದು ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು. ರವೆ ಕಳೆಯುವ ಸಾಫ್ಟ್‌ವೇರ್ ಹಾಕಿಕೊಂಡಳು, ವಿಡಿಯೊ ನೋಡಿ ನೋಡಿ ಕಲಿತಳು. ಅದರಲ್ಲೊಂದು ಗುಂಡಿಯಿದೆ, ಬಲಕ್ಕೆ ಎಳೆದಷ್ಟೂ ರವೆ ಕರಗುತ್ತದೆ. ಮೊದಲ ದಿನ ಆಸೆಯಿಂದ ಪೂರ್ತಿ ಎಳೆದಳು. ರವೆಯೇನೋ ಹೋಯಿತು, ಜೊತೆಗೆ ಅಮ್ಮನೂ ಹೋದಳು. ಉಳಿದದ್ದು ಮೇಣದ ಗೊಂಬೆ, ರೆಪ್ಪೆಯಿಲ್ಲ, ತುಟಿಯ ಗೆರೆಯಿಲ್ಲ. ಹಿಂದಕ್ಕೆ ಎಳೆದರೆ ಮತ್ತೆ ದಡಾರ. ಒಂದೇ ಸ್ಲೈಡನ್ನು ಹಲವು ಸಲ ಸ್ಕ್ಯಾನ್ ಮಾಡಿ ಬೆರೆಸಿದರೆ ಹೋದೀತೆಂದು ನೋಡಿದಳು. ಸ್ಕ್ಯಾನರ್ ತಾನಾಗಿ ಸೇರಿಸಿದ ಚುಕ್ಕೆಗಳು ಹೋದವೇ ಹೊರತು ಫಿಲ್ಮಿನ ರವೆ ಇದ್ದಲ್ಲೇ ಇತ್ತು. ಆಮೇಲೆ ದಾರಿ ಸಿಕ್ಕಿತು. ಮೊದಲು ಬಣ್ಣದ ಚುಕ್ಕೆಗಳನ್ನಷ್ಟೇ ತೆಗೆಯಬೇಕು, ಕಪ್ಪುಬಿಳುಪಿನ ರವೆಯನ್ನು ಬಿಡಬೇಕು. ನಂತರ ಗೋಡೆಗೊಂದು ಹದ, ಶಾಲಿಗೊಂದು ಹದ, ಕೆನ್ನೆಗೆ ಇನ್ನೊಂದು. ಕೂದಲನ್ನೂ ಕಣ್ಣನ್ನೂ ಮುಟ್ಟಬಾರದು, ಮುಟ್ಟಿದರೂ ಸೋಕಿಯೂ ಸೋಕದ ಹಾಗೆ. ಒಂದೊಂದು ಭಾಗಕ್ಕೂ ಬೇಲಿ ಕಟ್ಟಿ, ಸಾಫ್ಟ್‌ವೇರಿನ ಕುಂಚದಲ್ಲಿ ಬಳಿಯುತ್ತಾ ಹೋಗಬೇಕು. ಒಂದು ಸಂಜೆಗೆ ಒಂದು ಕೆನ್ನೆ.

ಅಪ್ಪ ದಿನವೂ ಕೇಳುತ್ತಿದ್ದರು. "ಆಯ್ತೇನಮ್ಮ?"

"ಇನ್ನು ಸ್ವಲ್ಪ ಇದೆಯಪ್ಪ."

"ಆಗಲಿ ಆಗಲಿ. ಅವಸರ ಏನು."

ತಮ್ಮನದು ಬೇರೆ ಊರು, ಲಿಫ್ಟ್ ರಿಪೇರಿಯ ಕೆಲಸ. ಸ್ಲೈಡುಗಳನ್ನು ಇಳಿಸಿದ ಸುದ್ದಿ ಕೇಳಿದಾಗಿನಿಂದ ಅವನ ಫೋನು ಜಾಸ್ತಿಯಾಗಿತ್ತು.

"ಅಕ್ಕಾ, ಒಂದಾದರೂ ಕಳಿಸೇ. ಹೇಗಿದ್ಯೋ ಹಾಗೇ ಕಳಿಸು."

"ಹಾಗೇ ಕಳಿಸೋಕಾಗಲ್ವೋ. ನೋಡಿದ್ರೆ ನಿನಗೇ ಬೇಜಾರಾಗುತ್ತೆ. ಇನ್ನೊಂದು ವಾರ ತಡ್ಕೋ."

"ನೀನು ಅಮ್ಮನಿಗೆ ಹಲ್ಲು ಕಟ್ಟಿಸ್ತಾ ಇದೀಯಾ ಹೇಗೆ?" ಎಂದು ಅವನು ನಗುತ್ತಿದ್ದ. ಇವಳೂ ನಗುತ್ತಿದ್ದಳು. ವಾರ ಎಂದದ್ದು ತಿಂಗಳಾಯಿತು, ಒಂದು ತಿಂಗಳು ಹೋಗಿ ಇನ್ನೊಂದು ಬಂತು. ಕಿಟಕಿಯ ಚಿತ್ರ ಮುಗಿಯಿತು ಎನ್ನುವಾಗ ಕತ್ತಿನ ಹತ್ತಿರ ಕಲೆ ಕಂಡಿತು. ಅದನ್ನು ಸರಿ ಮಾಡಿದರೆ ಕತ್ತು ಕೆನ್ನೆಗಿಂತ ನುಣುಪಾಯಿತು. ಕೆನ್ನೆಯನ್ನು ಮತ್ತೆ ಮೊದಲಿನಿಂದ ಹಿಡಿದಳು.

ಒಂದು ಬೆಳಿಗ್ಗೆ ಅಪ್ಪ ಚಹಾ ಬಗ್ಗಿಸುವಾಗ ಲೋಟದ ಪಕ್ಕಕ್ಕೇ ಸುರಿದರು. ಮೇಜೆಲ್ಲ ಚಹಾ.

"ಕೈ ನಡುಗ್ತು" ಎಂದರು.

"ನಾನು ಒರೆಸ್ತೀನಿ ಬಿಡಪ್ಪ. ಈ ಭಾನುವಾರ ತೋರಿಸ್ತೀನಿ, ಖಂಡಿತ" ಎಂದು ಒರೆಸಿ ಅವಳು ಕೆಲಸಕ್ಕೆ ಓಡಿದಳು. ಕೈಯೇ ನಡುಗಿತೋ, ಕಣ್ಣೇ ತಪ್ಪಿತೋ ಎಂದು ಅವಳ ಮನಸ್ಸಿಗೆ ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತವಳ ತಲೆಯೊಳಗೆ ಅಮ್ಮನ ಕತ್ತಿನ ಕಲೆಯೇ ತುಂಬಿತ್ತು.

ಭಾನುವಾರ ಬಂತು. ಕಿಟಕಿಯ ಚಿತ್ರದ ಜೊತೆ ಇನ್ನೂ ಏಳೆಂಟು ತಯಾರಾಗಿದ್ದವು. ಪರದೆಗಳನ್ನು ಎಳೆದು, ಕೋಣೆ ಮಬ್ಬು ಮಾಡಿ, ಟೀವಿಗೆ ತಂತಿ ಸಿಕ್ಕಿಸಿದಳು. ಅಪ್ಪ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದು ಕೂತಿದ್ದರು. ಗದ್ದದ ಕೆಳಗೆ ಬಿಳಿಗಡ್ಡದ ಒಂದು ಪಟ್ಟಿ ಹಾಗೇ ಉಳಿದಿತ್ತು.

ಟೀವಿಯ ತುಂಬ ಅಮ್ಮ ಬಂದಳು. ಪುಟ್ಟಿಯ ಕೈಯಲ್ಲಿ ಅಷ್ಟು ಸಂಜೆ ಕಳೆದವಳು ಈಗ ಶುಭ್ರವಾಗಿ, ಕೆನ್ನೆಯ ಮೇಲೆ ಕಿಟಕಿಯ ಬೆಳಕು ಹೊತ್ತು ನಿಂತಿದ್ದಳು.

ಅಪ್ಪ ಮುಂದಕ್ಕೆ ಬಾಗಿದರು. "ಆಹಾ! ಹಾಗೇ ಇದಾಳಲ್ಲೇ. ಆ ನಗು ನೋಡು."

ಚಿತ್ರದಲ್ಲಿ ಅಮ್ಮ ನಗುತ್ತಿರಲಿಲ್ಲ. ಸಂತೋಷಕ್ಕೆ ಹಾಗೆ ಹೇಳಿದರು ಎಂದುಕೊಂಡು ಪುಟ್ಟಿ ಮುಂದಿನದನ್ನು ಹಾಕಿದಳು. ಅದು ಖಾಲಿ ಉದ್ಯಾನ, ಮಳೆ ನಿಂತ ಮೇಲೆ ತೊಟ್ಟಿಕ್ಕುತ್ತಿರುವ ಒಂದು ಕಲ್ಲುಬೆಂಚು. ಯಾರೂ ಇಲ್ಲ.

"ಕಣ್ಣು ನೋಡು ಪುಟ್ಟಿ, ಎಷ್ಟು ಚೆನ್ನಾಗಿ ತಂದಿದೀಯ! ನನ್ನ ಕಡೆನೇ ನೋಡ್ತಿದಾಳೆ" ಎಂದರು ಅಪ್ಪ.

ಪುಟ್ಟಿ ರಿಮೋಟನ್ನು ತೊಡೆಯ ಮೇಲಿಟ್ಟಳು.

"ಅಪ್ಪ, ಈಗ ಟೀವೀಲಿ ಏನು ಕಾಣ್ತಾ ಇದೆ ಹೇಳು."

ಮುಂದಕ್ಕೆ ಬಾಗಿದ್ದ ಅಪ್ಪನ ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು.

"ಯಾವಾಗಿಂದಪ್ಪ?"

"ಚಹಾ ಚೆಲ್ಲಿದ್ನಲ್ಲ, ಅವತ್ತು ಬೆಳಿಗ್ಗೆಯಿಂದ. ಎದ್ದಾಗ ನಡುವೆ ಕಪ್ಪಗೆ ಏನೋ ಬಂದು ಕೂತಿತ್ತು. ಸರಿಹೋಗುತ್ತೆ ಅಂದ್ಕೊಂಡೆ."

"ಹೇಳೋದಲ್ವಾ? ಆಸ್ಪತ್ರೆಗೆ ಓಡಬಹುದಿತ್ತಲ್ಲ!"

"ನೀನು ಅಷ್ಟು ದಿನದಿಂದ ಕೂತು ಮಾಡ್ತಿದೀಯ. ಭಾನುವಾರ ಅಂತ ಬೇರೆ ಹೇಳಿದ್ದೆ. ಕಾಣಿಸ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣಮ್ಮ." ಮತ್ತೆ ಹೇಳಿದರು, ದೂರುವ ದನಿಯಲ್ಲಲ್ಲ, ಯಾವುದೋ ಹಳೆಯ ವಿಷಯ ಹೇಳುವವರ ಹಾಗೆ. "ಮುಂಚೆ ನಿನ್ನ ಹಿಂದೆ ಬಂದು ನಿಂತ್ಕೊಳ್ತಾ ಇದ್ದೆ. ನಿನಗೆ ಗೊತ್ತಾಗ್ತಿರಲಿಲ್ಲ. ಯಾವಾಗ ಬಂದ್ರೂ ಪರದೆ ತುಂಬ ಒಂದು ಕಿವಿ ಇರೋದು, ಇಲ್ಲ ಒಂದು ತುಂಡು ಕೆನ್ನೆ. ಬರೀ ರವೆ. ಒಂಚೂರು ಚಿಕ್ಕದು ಮಾಡಮ್ಮ, ಪೂರ್ತಿ ಮುಖ ನೋಡ್ತೀನಿ ಅನ್ನೋಣ ಅನ್ಕೊಳ್ತಿದ್ದೆ. ಕೆಲಸ ಮಾಡೋರನ್ನ ಮಧ್ಯದಲ್ಲಿ ಮಾತಾಡಿಸಬಾರದು ಅಂತ ಸುಮ್ಮನೆ ಹೋಗಿಬಿಡ್ತಿದ್ದೆ."

ಪುಟ್ಟಿ ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. "ನಾನೇ ಕಲಿಸಿದ್ದಲ್ವಾ ಪುಟ್ಟಿ, ಅರ್ಧಂಬರ್ಧ ತೋರಿಸಬಾರದು ಅಂತ" ಎಂದರು. ಆ ಮಾತು ಅವಳನ್ನು ಇನ್ನೂ ಅಳಿಸಿತು.

ಮರುದಿನ ಡಾಕ್ಟರು ದೀಪ ಹಿಡಿದು ನೋಡಿ, ಒಳಗೆ ರಕ್ತ ಸೋರಿದೆ ಎಂದರು. ಅಂದೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಪುಟ್ಟಿ ಕೇಳಿದಳು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರು. ಕೋಟೆ ಲೂಟಿಯಾದ ಮೇಲೆ ಬಾಗಿಲು ಹಾಕಿದ ಹಾಗೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕಳಿಸಿದರು.

ತಮ್ಮನಿಗೆ ಫೋನಿನಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವನು ಪೂರ್ತಿ ಕೇಳಿಸಿಕೊಂಡ. ಹಿಂದೆ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು.

"ಇದ್ದ ಹಾಗೇ ತೋರಿಸು ಅಂತ ನಾನು ಬಾಯಿ ಬಡ್ಕೊಂಡೆ" ಎಂದ.

"ಗೊತ್ತು ಕಣೋ."

"ಗೊತ್ತಿಲ್ಲ ನಿನಗೆ. ನೀನು ಎಂಟು ವರ್ಷ ಅಮ್ಮನ ಜೊತೆ ಇದ್ದೋಳು. ಈಗಲೂ ಅಮ್ಮನ್ನ ನೀನೊಬ್ಬಳೇ ಇಟ್ಕೊಂಡೆ. ರವೆ ತೆಗೀತೀನಿ ಅನ್ನೋದು ನೆಪ." ಫೋನು ಕಟ್ಟಾಯಿತು.

ಆ ಮಾತು ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು. ನಾನು ಮಾಡಿದ್ದೆಲ್ಲ ಅಪ್ಪನಿಗಾಗಿ ತಾನೆ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಹೌದು ಎಂದು ಹೇಳಲು ಮನಸ್ಸು ಒಪ್ಪಲಿಲ್ಲ. ಆ ಸಂಜೆಗಳಲ್ಲಿ ಅವಳು ಬಸ್ಸಿಳಿದು ಬೇಗ ಬೇಗ ನಡೆಯುತ್ತಿದ್ದಳು, ಮನೆಯಲ್ಲಿ ಯಾರೋ ಕಾಯುತ್ತಿರುವ ಹಾಗೆ. ಕುಂಚ ಅಮ್ಮನ ಕೆನ್ನೆಯ ಮೇಲೆ ಓಡುವಾಗ ಲ್ಯಾಬಿನ ಬೈಗುಳ, ಮುರಿದ ಮದುವೆ, ಎಲ್ಲವೂ ದೂರ ಸರಿಯುತ್ತಿದ್ದವು. ಚಿಕ್ಕವಳಿದ್ದಾಗ ಅಮ್ಮ ತಲೆ ಬಾಚುವಾಗ ಹೀಗೇ ಅನ್ನಿಸುತ್ತಿತ್ತು. ಕತ್ತಿನ ಕಲೆ ಅಷ್ಟು ದೊಡ್ಡದೇನೂ ಆಗಿರಲಿಲ್ಲ. ಕೆಲಸ ಮುಗಿದರೆ ಅಮ್ಮ ಎದ್ದು ಹೋಗಿಬಿಡುತ್ತಾಳೆ ಎಂಬ ಭಯ ಇತ್ತು, ಅಷ್ಟೇ. ಆ ಭಯ ಅಪ್ಪನ ಪಾಲಿನ ಹೊತ್ತನ್ನು ತಿಂದುಹಾಕಿತ್ತು.

ಎರಡು ವಾರ ಕಳೆದ ಮೇಲೆ ತಮ್ಮ ಹೇಳದೆ ಕೇಳದೆ ಬಂದ. ಚೀಲ ಕೆಳಗಿಟ್ಟು, ಅಪ್ಪನ ಪಕ್ಕದಲ್ಲಿ ಸುಮ್ಮನೆ ಕೂತು, ಊಟ ಮಾಡಿ, ಕೊನೆಗೆ ಅಕ್ಕನತ್ತ ತಿರುಗಿ "ಎಲ್ಲಿ?" ಎಂದ. ಪುಟ್ಟಿ ಕಿಟಕಿಯ ಚಿತ್ರ ತೆರೆದಳು. ಅವನು ಬಹಳ ಹೊತ್ತು ನೋಡಿದ.

"ನೀನು ಮುಟ್ಟೋ ಮುಂಚೆ ಇದ್ದದ್ದು ಇದೆಯಾ?"

ಅದನ್ನೂ ತೆರೆದಳು. ದಡಾರದ ಮುಖ ಬಂತು. ತಮ್ಮ ಎದ್ದು ಗೋಡೆಯವರೆಗೆ ಹಿಂದೆ ಹೋದ. ಅಲ್ಲಿಂದ ನೋಡಿದರೆ ಚುಕ್ಕೆಗಳು ಒಂದರೊಳಗೊಂದು ಸೇರಿ, ಮುಖ ಮುಖವಾಗಿಯೇ ಕಾಣುತ್ತಿತ್ತು. ಪುಟ್ಟಿ ಇಷ್ಟು ದಿನ ಒಮ್ಮೆಯೂ ಅಷ್ಟು ದೂರ ನಿಂತು ನೋಡಿರಲಿಲ್ಲ.

"ಇದೇ ಇರಲಿ" ಎಂದ ತಮ್ಮ. "ಅಕ್ಕ, ಅವತ್ತು ಜಾಸ್ತಿ ಮಾತಾಡಿಬಿಟ್ಟೆ."

"ಸುಳ್ಳೇನೂ ಹೇಳಲಿಲ್ಲ ನೀನು."

ಅವನು ರಜೆ ಹಾಕಿ ನಿಂತ. ಉಳಿದ ಸ್ಲೈಡುಗಳನ್ನು ಇಬ್ಬರೂ ಸೇರಿ ಇದ್ದ ಹಾಗೇ ಸ್ಕ್ಯಾನ್ ಮಾಡಿದರು, ಧೂಳು ಹೊಡೆದದ್ದಷ್ಟೇ. ಅವಳು ತಿಂಗಳುಗಟ್ಟಲೆ ಮಾಡಿದ್ದಕ್ಕಿಂತ ಹೆಚ್ಚು ಚಿತ್ರಗಳು ನಾಲ್ಕೇ ದಿನದಲ್ಲಿ ಒಳಗೆ ಬಂದವು. ನೋಡನೋಡುತ್ತ ಮುಗಿದುಹೋದ ಆ ಕೆಲಸ ಪುಟ್ಟಿಯನ್ನು ಅಣಕಿಸಿದಂತಿತ್ತು.

ಕಣ್ಣಾಸ್ಪತ್ರೆಯಲ್ಲಿ ಒಬ್ಬಾಕೆ ಅಪ್ಪನಿಗೆ ಓರೆನೋಟ ಕಲಿಸುತ್ತಿದ್ದರು. ಬೇಕಾದ್ದನ್ನು ನೇರ ನೋಡಬೇಡಿ, ಅದರ ಪಕ್ಕಕ್ಕೆ ನೋಡಿ, ಉಳಿದ ಅಂಚಿನಿಂದ ಅದು ಸ್ವಲ್ಪ ಸಿಗುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ತಮ್ಮ ಟೀವಿಯನ್ನು ಅಪ್ಪನ ಮೊಣಕಾಲಿನ ಹತ್ತಿರಕ್ಕೆ ಎಳೆದು, ಕಿಟಕಿಯ ಚಿತ್ರ ಹಾಕಿದ. ಅಪ್ಪ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದರು. ನೋಡುತ್ತಿರುವುದು ಬಾಗಿಲನ್ನು, ಹುಡುಕುತ್ತಿರುವುದು ಹೆಂಡತಿಯನ್ನು.

"ಕೆಂಪು ಇದೆ" ಎಂದರು. "ಶಾಲು ತಾನೆ? ಅದು ನಾನೇ ತಂದದ್ದು. ಇಷ್ಟು ಗಾಢ ಇರಲಿಲ್ಲ, ಫಿಲ್ಮು ಸ್ವಲ್ಪ ಜಾಸ್ತಿ ಮಾಡಿದೆ." ಬಣ್ಣದಪ್ಪನ ದನಿ ಒಂದು ಗಳಿಗೆ ಹಿಂದಿನ ಹಾಗೇ ಇತ್ತು. "ಒರಗಿ ನಿಂತಿದಾಳೆ. ಅವಳು ಯಾವಾಗಲೂ ಹಾಗೇ, ಗೋಡೆ ಸಿಕ್ಕಿದ್ರೆ ಒರಗೋದೇ."

"ಮುಖ, ಅಪ್ಪ?" ಎಂದಳು ಪುಟ್ಟಿ.

ಅವರು ಕತ್ತನ್ನು ಅತ್ತಿತ್ತ ತಿರುಗಿಸಿ, ಮೇಲೆ ಕೆಳಗೆ ಮಾಡಿ, ಹಿಡಿಯಲು ನೋಡಿದರು. ಹಿಡಿಯಲು ಹೋದಾಗಲೆಲ್ಲ ಕಪ್ಪು ಬಂದು ಸರಿಯಾಗಿ ಅಲ್ಲೇ ಕೂರುತ್ತಿತ್ತು.

"ಮುಖ ಸಿಗಲ್ಲಮ್ಮ" ಎಂದರು. "ಹೋಗಲಿ ಬಿಡು. ಇಷ್ಟು ಸಿಕ್ಕಿತಲ್ಲ."

ತಮ್ಮ ಥಟ್ಟನೆ ಕೇಳಿದ, "ಅಪ್ಪ, ಅಮ್ಮ ಹೇಗೆ ಮಾತಾಡ್ತಿದ್ಲು?"

ಪುಟ್ಟಿ ಹೇಳಲೆಂದು ಬಾಯಿ ತೆರೆದಳು. ಏನೂ ಬರಲಿಲ್ಲ. ಅಮ್ಮನ ಕೆನ್ನೆಯ ಒಂದೊಂದು ಚುಕ್ಕೆಯೂ ಗೊತ್ತಿತ್ತು, ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ.

ಅಪ್ಪ ಗಂಟಲು ಸರಿ ಮಾಡಿಕೊಂಡು, ಮೂಗಿನಲ್ಲಿ ಎಳೆದು ಹೇಳಿದರು. "'ಏನ್ರೀ, ಫೋಟೋ ಆಮೇಲೆ ತೆಗೀರಿ, ಒಲೆ ಮೇಲೆ ಹಾಲಿದೆ!' ಹೀಗೆ. ಸ್ವಲ್ಪ ಮೂಗುಮಾತು. ಹಾಲು ಉಕ್ಕಿಹೋಯ್ತು ಅನ್ನು, ಅದು ಬೇರೆ ವಿಷಯ."

ತಮ್ಮ ಜೋರಾಗಿ ನಕ್ಕ, ನಗುತ್ತಲೇ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. "ಇನ್ನೊಂದ್ಸಲ ಹೇಳಪ್ಪ" ಎಂದ. ಅಪ್ಪ ಇನ್ನೊಂದು ಸಲ ಹೇಳಿದರು.

ರಜೆ ಮುಗಿದು ಅವನು ಹೊರಟುಹೋದ. ಮನೆಯಲ್ಲಿ ಮತ್ತೆ ಇಬ್ಬರೇ. ಪುಟ್ಟಿ ಸಾಫ್ಟ್‌ವೇರನ್ನು ತೆಗೆದುಹಾಕಲೂ ಇಲ್ಲ, ತೆರೆಯಲೂ ಇಲ್ಲ. ಸಂಜೆ ಬಸ್ಸಿಳಿದು ಬರುವಾಗ ಹೆಜ್ಜೆಗೆ ಮೊದಲಿನ ಅವಸರವಿರಲಿಲ್ಲ. ಊಟವಾದ ಮೇಲೆ ಕೆಲವು ದಿನ ಅಪ್ಪ ತಾವಾಗಿಯೇ ಟೀವಿ ಹಾಕಲು ಹೇಳುತ್ತಾರೆ. ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಅವಳು ಒಂದೊಂದೇ ಚಿತ್ರ ಹಾಕುತ್ತಾಳೆ. ಎಷ್ಟು ಕಾಣುತ್ತದೆ ಎಂದು ಅವಳು ಕೇಳುವುದಿಲ್ಲ. ಅಪ್ಪ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ.

"ಇದರಲ್ಲಿ ಅವಳಿದಾಳಾ ಪುಟ್ಟಿ?"

"ಇಲ್ಲಪ್ಪ. ಬರೀ ಬೀದಿ, ಒಂದು ಸೈಕಲ್ಲು."

"ಹಾಗಾದ್ರೆ ಮುಂದಿನದು ಹಾಕು."